ಹಿತ್ತಲಲ್ಲಿ ನೀರಾನೆ ಸಾಕಿದ್ದ ಆಸಾಮಿ: ಈ ಬ್ರಿಟಿಷ್ ಹಾಸ್ಯ ಧಾರಾವಾಹಿ ಯಾವುದು?

ಹುಣಸೂರು_ರಸ್ತೆ:
ನಮಸ್ಕಾರ. ಒಂದು ಹಳೇ ಧಾರಾವಾಹಿಯ ಹೆಸರು ಬೇಕಾಗಿದೆ. ಮನೆಯಲ್ಲಿ ಇದರ ಮೇಲೆ ಪಂದ್ಯ ಬಿದ್ದಿದೆ, ಹಾಗಾಗಿ ಸ್ವಲ್ಪ ಅರ್ಜೆಂಟು.

ಅಪ್ಪ ಡಾಕ್ಟರು. 1976ರ ಬೇಸಿಗೆಯಲ್ಲಿ ಉತ್ತರ ಇಂಗ್ಲೆಂಡಿನ ಒಂದು ಆಸ್ಪತ್ರೆಗೆ ಕೆಲಸಕ್ಕೆ ಹೋದರು. ಜೊತೆಗೆ ನಾವೂ ಹೋದೆವು. ನನಗಾಗ ಐದು ವರ್ಷ, ಅಣ್ಣನಿಗೆ ಹತ್ತು. 1977ರ ನವೆಂಬರಿನಲ್ಲಿ ಮೈಸೂರಿಗೆ ವಾಪಸ್ ಬಂದುಬಿಟ್ಟೆವು. ಕ್ವಾರ್ಟರ್ಸಿನಲ್ಲಿ ಬಾಡಿಗೆ ಟಿವಿ ಇತ್ತು. ಅದರ ಹಿಂದೆ ಕಾಸು ಹಾಕುವ ಡಬ್ಬಿ. ಏಳು ಮೂಲೆಯ 50 ಪೆನ್ಸ್ ನಾಣ್ಯ ಹಾಕಿ ಕಿವಿ ತಿರುಚಿದರೆ ಟಿವಿ ಓಡುತ್ತಿತ್ತು. ಕಾಸು ಮುಗಿದರೆ ಟಪ್ ಅಂತ ನಿಂತುಹೋಗುತ್ತಿತ್ತು, ಯಾರು ಏನು ಮಾತಾಡುತ್ತಿದ್ದರೂ ಸರಿ. ಅಮ್ಮ ನಾಣ್ಯಗಳನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿ ಬೀರು ಮೇಲೆ ಇಟ್ಟಿರುತ್ತಿದ್ದರು. ಹಾಗಾಗಿ ಯಾವ ಕಾರ್ಯಕ್ರಮವನ್ನೂ ಪೂರ್ತಿ ನೋಡಿದ ನೆನಪಿಲ್ಲ.

ನೆನಪಿರುವುದು ಇಷ್ಟು. ಆಫೀಸಿಗೆ ಹೋಗಿ ಬೇಜಾರಾದ ಒಬ್ಬ ಮನುಷ್ಯ. ಕೆಲಸ ಬಿಟ್ಟು ಮನೆಯ ಹಿತ್ತಲಲ್ಲಿ ಹಂದಿ, ಮೇಕೆ ಸಾಕುತ್ತಾನೆ. ಪಕ್ಕದ ಮನೆಯ ಉದ್ದ ಗೌನಿನ ಹೆಂಗಸು ಬೇಲಿ ಆಚೆಯಿಂದ ಬೈಯುತ್ತಾಳೆ. ಆಮೇಲೆ ಆತ ಸಮುದ್ರದ ಹತ್ತಿರ ಬಟ್ಟೆಯೆಲ್ಲ ಬಿಚ್ಚಿಟ್ಟು ನೀರಿಗೆ ಓಡುತ್ತಾನೆ. ಈ ಸೀನು ಬಂದಾಗಲೆಲ್ಲ ಅಮ್ಮ ನನ್ನ ಕಣ್ಣು ಮುಚ್ಚುತ್ತಿದ್ದರು. ಮನೆಯಲ್ಲಿ ವೈನ್ ಮಾಡುವುದೂ ಇತ್ತು. ಮತ್ತು ಮುಖ್ಯವಾಗಿ, ಅವನ ಹಿತ್ತಲಲ್ಲಿ ಒಂದು ನೀರಾನೆ ಇತ್ತು!

ಅಣ್ಣ ಹೇಳುತ್ತಾನೆ ನೀರಾನೆ ಇರಲೇ ಇಲ್ಲ, ನಾನು ಮೈಸೂರು ಝೂನಲ್ಲಿ ನೋಡಿದ್ದನ್ನು ಇಲ್ಲಿಗೆ ತಂದು ಅಂಟಿಸಿದ್ದೇನೆ ಅಂತ. ಸೋತವರು ಒಂದು ಕೆಜಿ ಮೈಸೂರು ಪಾಕ್ ಕೊಡಿಸಬೇಕು.

ಗುಂಡಣ್ಣ42:
ಮೈಂಡ್ ಯುವರ್ ಲ್ಯಾಂಗ್ವೇಜ್. ಮುಗೀತು.

ಟಿವಿ_ಹುಳು:
ಗುಂಡಣ್ಣ, ಬ್ರಿಟಿಷ್ ಕಾಮಿಡಿ ಅಂದ ತಕ್ಷಣ ನಿಮ್ಮ ಬಾಯಲ್ಲಿ ಬರುವುದು ಅದೊಂದೇ. ಅದು ಇಂಗ್ಲಿಷ್ ಕಲಿಸುವ ರಾತ್ರಿ ಶಾಲೆಯ ಕಥೆ. ಅಲ್ಲಿ ಹಂದಿ ಎಲ್ಲಿಂದ ಬಂತು?

ಪ್ರಶ್ನೆ ಕೇಳಿದವರಿಗೆ: ಇದು ದಿ ಗುಡ್ ಲೈಫ್. ಅನುಮಾನವೇ ಬೇಡ. 1975ರಿಂದ 1978ರವರೆಗೆ ಬಿಬಿಸಿ1ರಲ್ಲಿ ಬಂತು. ಟಾಮ್ ಗುಡ್ ಅನ್ನುವವನು ಸೀರಿಯಲ್ ಪ್ಯಾಕೆಟ್ ಒಳಗೆ ಮಕ್ಕಳಿಗೆ ಅಂತ ಹಾಕುತ್ತಾರಲ್ಲ, ಆ ಪ್ಲಾಸ್ಟಿಕ್ ಆಟಿಕೆಗಳ ನಕ್ಷೆ ಬರೆಯುವ ಕೆಲಸದಲ್ಲಿರುತ್ತಾನೆ. ನಲವತ್ತು ತುಂಬಿದ ದಿನ ಸಾಕಪ್ಪಾ ಅಂತ ಬಿಟ್ಟುಬಿಡುತ್ತಾನೆ. ಅವನೂ ಹೆಂಡತಿ ಬಾರ್ಬರಾಳೂ ಸರ್ಬಿಟನ್‌ನಂಥ ನೀಟಾದ ಬಡಾವಣೆಯಲ್ಲಿ ಹುಲ್ಲುಹಾಸು ಅಗೆದು ಆಲೂಗಡ್ಡೆ ಹಾಕುತ್ತಾರೆ. ಹಂದಿಗಳ ಹೆಸರು ಪಿಂಕಿ ಮತ್ತು ಪರ್ಕಿ. ಮೇಕೆ ಜೆರಾಲ್ಡೀನ್. ಹುಂಜದ ಹೆಸರು ಲೆನಿನ್! ಬೇಲಿ ಆಚೆಯ ಉದ್ದ ಗೌನಿನ ಹೆಂಗಸು ಮಾರ್ಗೊ, ಪೆನೆಲೊಪಿ ಕೀತ್ ಮಾಡಿದ ಪಾತ್ರ. ವೈನ್ ಕೂಡ ಸರಿ, ಬಟಾಣಿ ಸಿಪ್ಪೆಯಿಂದ ಮಾಡುತ್ತಾರೆ.

ನೀರಾನೆ ಇಲ್ಲ. ಅಣ್ಣನಿಗೆ ಮೈಸೂರು ಪಾಕ್ ಕೊಡಿಸಿ.

ಹುಣಸೂರು_ರಸ್ತೆ:
ಅಯ್ಯೋ, ಮಾರ್ಗೊ! ಹೌದು ಹೌದು, ಫೋಟೋ ನೋಡಿದೆ, ಅವಳೇ. ಮೈಯೆಲ್ಲ ಜುಮ್ ಅಂತು. ಆದರೆ ಸಮುದ್ರ?

ಟಿವಿ_ಹುಳು:
ನಾಲ್ಕೂ ಸರಣಿ ನೋಡಿದ್ದೇನೆ ಮೇಡಂ. ಟಾಮ್ ಬಟ್ಟೆ ಬಿಚ್ಚಿ ಸಮುದ್ರಕ್ಕೆ ಓಡುವುದಿಲ್ಲ. ಅದು ಬೇರೆ ಯಾವುದೋ ಸಿನಿಮಾ ಇರಬೇಕು.

ಸುಮ್ನೆ_ನೋಡ್ತೀನಿ:
ಮಿಸ್ಟರ್ ಬೀನ್? ಅದರಲ್ಲಿ ಬೀಚ್‌ನಲ್ಲಿ ಪ್ಯಾಂಟ್ ಬದಲಾಯಿಸುವ ಸೀನ್ ಇದೆ.

ಹಳೇ_ಆಂಟೆನಾ:
ಮಿಸ್ಟರ್ ಬೀನ್ ಶುರುವಾಗಿದ್ದು 1990ರಲ್ಲಿ ಮಾರಾಯ. 1976ರಲ್ಲಿ ರೋವನ್ ಅಟ್ಕಿನ್ಸನ್ ಇನ್ನೂ ಓದುತ್ತಿದ್ದರು.

ಧಾರವಾಡ_ಪೇಡೆ:
ವಿಷಯ ಬಿಟ್ಟು ಒಂದು ಮಾತು. ಗುಡ್ ಲೈಫ್‌ನ ಬಾರ್ಬರಾ ಯಾರು ಗೊತ್ತೇನ್ರೀ? ಫೆಲಿಸಿಟಿ ಕೆಂಡಲ್. ಆಕೆ ಬೆಳೆದಿದ್ದೇ ನಮ್ಮ ದೇಶದಲ್ಲಿ. ಅಪ್ಪ ಜೆಫ್ರಿ ಕೆಂಡಲ್ 'ಷೇಕ್ಸ್‌ಪಿಯರಾನಾ' ಅನ್ನುವ ನಾಟಕ ಕಂಪನಿ ಕಟ್ಟಿಕೊಂಡು ಊರೂರು, ಸ್ಕೂಲು ಸ್ಕೂಲು ತಿರುಗುತ್ತಿದ್ದರು. ಅಕ್ಕ ಜೆನಿಫರ್ ಮದುವೆಯಾಗಿದ್ದು ಶಶಿ ಕಪೂರ್ ಅವರನ್ನು. ಅಂದರೆ ಸರ್ಬಿಟನ್ನಿನ ಹಂದಿ ಸಾಕುವ ಹೆಂಗಸು ಶಶಿ ಕಪೂರ್ ನಾದಿನಿ!

ಗುಂಡಣ್ಣ42:
ಶಶಿ ಕಪೂರ್ ನಾದಿನಿ ಹಂದಿ ಸಾಕುತ್ತಿದ್ದಳು ಅಂತ ನಮ್ಮ ಮನೆಯವಳಿಗೆ ಹೇಳಿದೆ. ಆ ಧಾರಾವಾಹಿ ಯಾವಾಗ ಬರುತ್ತೆ ಅಂತ ಕೇಳುತ್ತಿದ್ದಾಳೆ.

ಬೈಂದೂರು_ಬಸ್ಸು:
ಪಕ್ಕದ ಮನೆಯ ಗಂಡ ಜೆರ್ರಿ ಪಾತ್ರ ಮಾಡಿದವರು ಪಾಲ್ ಎಡಿಂಗ್ಟನ್. 'ಯೆಸ್ ಪ್ರೈಮ್ ಮಿನಿಸ್ಟರ್'ನಲ್ಲಿ ಮಂತ್ರಿ ಆಗಿದ್ದರಲ್ಲ, ಅವರೇ.

ಹಳೇ_ಆಂಟೆನಾ:
'ಯೆಸ್ ಮಿನಿಸ್ಟರ್'ನಲ್ಲಿ ಮಂತ್ರಿ, 1980ರಿಂದ. 'ಯೆಸ್ ಪ್ರೈಮ್ ಮಿನಿಸ್ಟರ್'ನಲ್ಲಿ ಪ್ರಧಾನಿ, 1986ರಿಂದ. ಹೆಸರಲ್ಲೇ ಇದೆಯಲ್ಲ ಸ್ವಾಮಿ.

ಬೈಂದೂರು_ಬಸ್ಸು:
ಪ್ರಮೋಷನ್ ಆದ ಮೇಲೂ ಆ ಹಿರಿಯ ಅಧಿಕಾರಿ ಸರ್ ಹಂಫ್ರಿ ಮುಂದೆ ಬಾಯಿ ಬಿಡಲು ಆಗುತ್ತಿರಲಿಲ್ಲ. ಯಾವ ಖಾತೆ ಆದರೇನು.

ಹುಣಸೂರು_ರಸ್ತೆ:
ಎಲ್ಲರಿಗೂ ಥ್ಯಾಂಕ್ಸ್. ಆದರೆ ನನಗೆ ಸಮಾಧಾನ ಇಲ್ಲ. ಆ ಬೀಚ್ ಸೀನು ಒಂದು ಸಲ ನೋಡಿದ್ದಲ್ಲ, ಮತ್ತೆ ಮತ್ತೆ ಬರುತ್ತಿತ್ತು. ಅಮ್ಮನ ಕೈಯಲ್ಲಿ ಈರುಳ್ಳಿ ವಾಸನೆ ಇರುತ್ತಿತ್ತು, ಅದೂ ನೆನಪಿದೆ. ಬೆರಳ ಸಂದಿಯಲ್ಲಿ ಅವನ ಬೆನ್ನು ಕಾಣುತ್ತಿತ್ತು.

ನಿನ್ನೆ ಅಮ್ಮನನ್ನೂ ಕೇಳಿದೆ. "ರೈಲಿನವನಲ್ವಾ? ಪಾಪ, ಅವನ ಅತ್ತೆ ಚೆನ್ನಾಗಿರಲಿಲ್ಲ" ಅಂದರು. ಅಷ್ಟೇ. ಅಮ್ಮನಿಗೆ ಆಗ ಇಂಗ್ಲಿಷ್ ಅಷ್ಟಕ್ಕಷ್ಟೆ.

ಇನ್ನೊಂದು. ನಮ್ಮ ಮನೆಯಲ್ಲಿ ಒಂದು ಮಾತು ಇದೆ. ಅಪ್ಪ ಡ್ಯೂಟಿಯಿಂದ ತಡವಾಗಿ ಬಂದರೆ ಅಮ್ಮ ಬಾಗಿಲಲ್ಲೇ "ಇಲೆವೆನ್ ಮಿನಿಟ್ಸ್ ಲೇಟಾ?" ಅಂತ ಕೇಳುತ್ತಿದ್ದರು. ಎರಡು ಗಂಟೆ ತಡವಾದರೂ ಅದೇ ಹನ್ನೊಂದು ನಿಮಿಷ. ಇದೂ ಟಿವಿಯಿಂದಲೇ ಬಂದಿದ್ದು ಅಂತ ನನ್ನ ಗುಮಾನಿ.

ರೀಡಿಂಗ್_ರಾಯರು:
ಹನ್ನೊಂದು ನಿಮಿಷ! ತಾಯೀ, ಇದನ್ನು ಮೊದಲೇ ಹೇಳಬಾರದಿತ್ತೇ? ಎರಡು ದಿನದಿಂದ ಇಲ್ಲಿ ಹಂದಿ ಹಿಂದೆ ಓಡುತ್ತಿದ್ದೀರಿ.

ಇದು ದಿ ಫಾಲ್ ಅಂಡ್ ರೈಸ್ ಆಫ್ ರೆಜಿನಾಲ್ಡ್ ಪೆರಿನ್. ಬಿಬಿಸಿ1, 1976ರಿಂದ 1979, ಮೂರು ಸರಣಿ, ಒಂದೊಂದರಲ್ಲಿ ಏಳು ಕಂತು. ಬರೆದವರು ಡೇವಿಡ್ ನಾಬ್ಸ್, ತಮ್ಮದೇ ಕಾದಂಬರಿಗಳಿಂದ. ಪೆರಿನ್ ಪಾತ್ರ ಲಿಯೊನಾರ್ಡ್ ರಾಸಿಟರ್ ಅವರದ್ದು.

ಪೆರಿನ್ 'ಸನ್‌ಶೈನ್ ಡೆಸರ್ಟ್ಸ್' ಅನ್ನುವ ಸಿಹಿತಿಂಡಿ ಕಂಪನಿಯಲ್ಲಿ ದೊಡ್ಡ ಕೆಲಸದಲ್ಲಿದ್ದಾನೆ. ದಿನಾ ಅದೇ ರೈಲು, ದಿನಾ ಹನ್ನೊಂದು ನಿಮಿಷ ಲೇಟು, ದಿನಾ ಆಫೀಸಿನಲ್ಲಿ ಸೆಕ್ರೆಟರಿಗೆ ಒಂದು ಸಬೂಬು. ಒಮ್ಮೆಯಂತೂ ನ್ಯೂ ಮಾಲ್ಡನ್ ಹತ್ತಿರ ಬ್ಯಾಜರ್ (ಬಿಲ ತೋಡುವ ಒಂದು ಕಾಡುಪ್ರಾಣಿ) ಒಂದು ಜಂಕ್ಷನ್ ಬಾಕ್ಸ್ ತಿಂದುಹಾಕಿತು ಅನ್ನುತ್ತಾನೆ. ಎರಡನೇ ಸರಣಿಗೆ ಅದು ಹದಿನೇಳು ನಿಮಿಷ ಆಯಿತು, ಮೂರನೆಯದಕ್ಕೆ ಇಪ್ಪತ್ತೆರಡು. ಧಾರಾವಾಹಿ ಮುಂದೆ ಹೋದ ಹಾಗೆ ಬ್ರಿಟಿಷ್ ರೈಲು ಹಿಂದೆ ಹೋಯಿತು. ನಾನು ದಿನಾ ಲಂಡನ್‌ಗೆ ರೈಲಿನಲ್ಲಿ ಓಡಾಡುವವನು, ಇದರ ಬಗ್ಗೆ ಜಾಸ್ತಿ ಮಾತಾಡಿಸಬೇಡಿ.

ಅವನ ಬಾಸ್ ಸಿಜೆ. ಅವನ ಕೋಣೆಯಲ್ಲಿ ಕುರ್ಚಿಗಳಿವೆ. ಯಾರು ಕೂತರೂ ಅಪಾನವಾಯು ಹೋದ ಸದ್ದು. ಆ ಸದ್ದಿನ ಮಧ್ಯೆಯೇ ಸಿಜೆ ಗಂಭೀರವಾಗಿ "ಇಂಥಿಂಥದ್ದು ಮಾಡಿ ನಾನು ಈ ಮಟ್ಟಕ್ಕೆ ಬಂದವನಲ್ಲ" ಅಂತ ಉಪದೇಶ ಮಾಡುತ್ತಿರುತ್ತಾನೆ. ಪೆರಿನ್‌ಗೆ ತಲೆ ಕೆಡುತ್ತದೆ. ಕಡಲ ತೀರದಲ್ಲಿ ಬಟ್ಟೆ ಬಿಚ್ಚಿಟ್ಟು, ಮುಳುಗಿ ಸತ್ತ ಅಂತ ಲೋಕ ನಂಬುವ ಹಾಗೆ ಮಾಡಿ ಮಾಯವಾಗುತ್ತಾನೆ. ಆ ಓಟ ಪ್ರತಿ ಕಂತಿನ ಶೀರ್ಷಿಕೆಯಲ್ಲೇ ಇದೆ, ಅದಕ್ಕೇ ನಿಮಗೆ ಮತ್ತೆ ಮತ್ತೆ ಕಂಡ ನೆನಪು. ನಿಮ್ಮ ಅಮ್ಮನ ಈರುಳ್ಳಿ ಕೈಗೆ ವಾರವಾರವೂ ಕೆಲಸ.

ಈಗ ನೀರಾನೆ. ಪೆರಿನ್ ಮುಂದೆ ಯಾರಾದರೂ ಅವನ ಅತ್ತೆಯ ವಿಷಯ ಎತ್ತಿದರೆ ಸಾಕು, ಅವನ ಕಣ್ಣಮುಂದೆ ಒಂದು ನೀರಾನೆ ಕುಲುಕುತ್ತಾ ಓಡಿಹೋಗುತ್ತದೆ. ನಮಗೂ ಆ ಎರಡು ಸೆಕೆಂಡು ನಿಜವಾದ ನೀರಾನೆಯನ್ನೇ ತೋರಿಸುತ್ತಾರೆ. ಹಾಗಾಗಿ ನೀರಾನೆ ಇತ್ತು!

ಹುಣಸೂರು_ರಸ್ತೆ:
ರಾಯರೇ!!! ಅತ್ತೆ! ಅಮ್ಮ ಹೇಳಿದ್ದು ಅದೇನಾ! ನಗು ತಡೆಯಲಾಗುತ್ತಿಲ್ಲ. ಅಣ್ಣನಿಗೆ ಈಗಲೇ ಫೋನ್ ಮಾಡುತ್ತೇನೆ.

ಟಿವಿ_ಹುಳು:
ಒಂದು ನಿಮಿಷ. ಪೆರಿನ್ ಹಂದಿ ಸಾಕಲಿಲ್ಲ ರಾಯರೇ. ಮಾರ್ಗೊ ಮುಖವನ್ನು ಅವರು ಗುರುತಿಸಿ ಆಗಿದೆ. ನನ್ನ ಉತ್ತರವೇ ಸರಿ.

ರೀಡಿಂಗ್_ರಾಯರು:
ಹಂದಿ ಒಂದು ಬಿಟ್ಟರೆ ಮಿಕ್ಕಿದ್ದೆಲ್ಲ ಪೆರಿನ್. ವೈನ್ ಕೂಡ. ಪೆರಿನ್ ಅಳಿಯ ಮನೆಯಲ್ಲಿ ಬಾಯಿಗಿಡಲಾಗದಂಥ ವೈನ್ ಮಾಡುತ್ತಾನೆ. ಅವನ ಹೆಸರೂ ಟಾಮ್!

ಟಿವಿ_ಹುಳು:
ಹಂದಿ, ಮೇಕೆ, ಬೇಲಿ, ಮಾರ್ಗೊ. ನಾಲ್ಕು. ನಿಮ್ಮದು ಎಷ್ಟು?

ರೀಡಿಂಗ್_ರಾಯರು:
ರೈಲು, ಸಮುದ್ರ, ಅತ್ತೆ, ನೀರಾನೆ. ನಾಲ್ಕು.

ಕೊಡಗಿನ_ಕಾಫಿ:
ಇಬ್ಬರು ದೊಡ್ಡವರು ಜಗಳ ಆಡುವಾಗ ಬಾಯಿ ಹಾಕಬಾರದು, ಆದರೂ ಹಾಕುತ್ತೇನೆ. ಅವರು ನೋಡಿದ್ದು ಎರಡು ಧಾರಾವಾಹಿ. ಇಬ್ಬರೂ ಸರಿ.

ದಿನಾಂಕ ನೋಡಿ. ಪೆರಿನ್ ಮೊದಲ ಸರಣಿ ಶುರುವಾಗಿದ್ದು 1976ರ ಸೆಪ್ಟೆಂಬರ್ 8, ಬುಧವಾರ. ಗುಡ್ ಲೈಫ್‌ನ ಮೂರನೇ ಸರಣಿ ಶುರುವಾಗಿದ್ದು ಸೆಪ್ಟೆಂಬರ್ 10, ಶುಕ್ರವಾರ. ಎರಡೂ ಬಿಬಿಸಿ1, ಎರಡೂ ಏಳೇಳು ಕಂತು, ಎರಡೂ ಅಕ್ಟೋಬರ್ ಕೊನೆಗೆ ಮುಗಿದವು. ಬುಧವಾರ ಟೈ ಕಟ್ಟಿದವನೊಬ್ಬ ಆಫೀಸಿನ ಮೇಲೆ ಸಿಟ್ಟಾಗಿ ಓಡಿಹೋದ. ಶುಕ್ರವಾರ ಇನ್ನೊಬ್ಬ ಆಫೀಸು ಬಿಟ್ಟವನು ಹಿತ್ತಲಲ್ಲಿ ಮಣ್ಣು ಅಗೆಯುತ್ತಿದ್ದ. ಎರಡರಲ್ಲೂ ಟಾಮ್, ಎರಡರಲ್ಲೂ ವೈನ್. ಮಧ್ಯೆ ಮಧ್ಯೆ ಕಾಸು ಮುಗಿದು ಟಿವಿ ಬಂದ್. ಐದು ವರ್ಷದ ಮಗು ಇದನ್ನೆಲ್ಲ ಒಂದೇ ಕಥೆ ಅಂದುಕೊಳ್ಳದೆ ಇನ್ನೇನು ಮಾಡುತ್ತೆ?

ಹುಣಸೂರು_ರಸ್ತೆ:
ಕಾಫಿಯವರೇ, ನಿಮಗೆ ದೊಡ್ಡ ನಮಸ್ಕಾರ. ಹಾಗಾದರೆ ಸಮುದ್ರಕ್ಕೆ ಓಡಿದವನು ಶುಕ್ರವಾರ ಬದುಕಿ ಬಂದು ಹಂದಿ ಸಾಕುತ್ತಿದ್ದಾನೆ ಅಂತ ಇಷ್ಟು ವರ್ಷ ನಂಬಿದ್ದೆ.

ಇನ್ನೊಂದು ಕೇಳಲೇ? ಒಂದು ಅಂಗಡಿ. ಅದರಲ್ಲಿ ಮೂಲೆ ಇರುವ ದೊಡ್ಡ ದೊಡ್ಡ ಬಳೆ. ಇದು ಯಾವ ಟಾಮ್‌ನದು?

ರೀಡಿಂಗ್_ರಾಯರು:
ಅದು 1977ರ ಎರಡನೇ ಸರಣಿ, ಅಂಗಡಿಯ ಹೆಸರು 'ಗ್ರಾಟ್'. ಬಳೆ ಅಲ್ಲ, ಮಕ್ಕಳು ಉರುಳಿಸಿಕೊಂಡು ಓಡುತ್ತಾರಲ್ಲ ಚಕ್ರ, ಅದನ್ನು ಚೌಕವಾಗಿ ಮಾಡಿ ಇಟ್ಟಿದ್ದು. ಪೆರಿನ್ ಬೇಕೂ ಅಂತಲೇ ಕೆಲಸಕ್ಕೆ ಬಾರದ ಸಾಮಾನು ಮಾರಲು ಅಂಗಡಿ ತೆರೆಯುತ್ತಾನೆ. ಅಳಿಯನ ವೈನೂ ಅಲ್ಲೇ ಮಾರಾಟಕ್ಕೆ. ಮುಳುಗಿಹೋಗಲಿ ಅಂತ ಅವನ ಆಸೆ, ಆದರೆ ಜನ ಮುಗಿಬಿದ್ದು ಕೊಳ್ಳುತ್ತಾರೆ. ಗಾಬರಿಯಾಗಿ, ಹಾಳುಗೆಡವಲಿ ಅಂತ ಹಳೇ ಬಾಸ್ ಸಿಜೆಯನ್ನು, ದಂಡಪಿಂಡಗಳನ್ನೆಲ್ಲ ಕರೆದು ಕೆಲಸ ಕೊಡುತ್ತಾನೆ. ಅವರೂ ಚೆನ್ನಾಗಿ ಕೆಲಸ ಮಾಡಿಬಿಡುತ್ತಾರೆ!

ಸುಮ್ನೆ_ನೋಡ್ತೀನಿ:
ಈಗ ಆನ್‌ಲೈನ್‌ನಲ್ಲಿ ಮಾರುವ ಅರ್ಧ ಸಾಮಾನು ಗ್ರಾಟ್‌ನಿಂದಲೇ ಬರುತ್ತಿರಬೇಕು. ಬಾಳೆಹಣ್ಣು ಹೋಳು ಮಾಡುವ ಮೆಷಿನ್ ತರಿಸಿ ಕೂತಿದ್ದೇನೆ.

ಧಾರವಾಡ_ಪೇಡೆ:
ರಾಯರೇ, ಆತ ಸತ್ತಂಗೆ ಮಾಡಿದ ಮೇಲೆ ಏನಾಯ್ತು? ಅರ್ಧಕ್ಕೆ ನಿಲ್ಲಿಸಿಬಿಟ್ಟಿರಿ.

ರೀಡಿಂಗ್_ರಾಯರು:
ಗಡ್ಡ ಅಂಟಿಸಿಕೊಂಡು, ಮಾರ್ಟಿನ್ ವೆಲ್‌ಬೋರ್ನ್ ಅನ್ನುವ ಹೆಸರಲ್ಲಿ, ಸತ್ತವನ ಹಳೇ ಸ್ನೇಹಿತ ಅಂತ ಹೇಳಿಕೊಂಡು ತನ್ನದೇ ಶ್ರದ್ಧಾಂಜಲಿ ಸಭೆಗೆ ಬರುತ್ತಾನೆ. ನಮ್ಮ ಲೆಕ್ಕದಲ್ಲಿ ತನ್ನ ವೈಕುಂಠ ಸಮಾರಾಧನೆಗೆ ತಾನೇ ಎಲೆ ಹಾಕಿಸಿಕೊಂಡು ಕೂತ ಹಾಗೆ. ಮತ್ತೆ ಹೆಂಡತಿಯ ಮೇಲೇ ಮನಸ್ಸಾಗುತ್ತದೆ. ಅವಳಿಗೆ ಗುರುತು ಸಿಕ್ಕೇ ಬಿಡುತ್ತದೆ, ಆದರೂ ಸುಮ್ಮನಿರುತ್ತಾಳೆ. ಪಾಲೀನ್ ಯೇಟ್ಸ್ ಆ ಪಾತ್ರ ಮಾಡಿದ್ದು. ಎಲ್ಲರೂ ರಾಸಿಟರ್‌ನ ಹೊಗಳುತ್ತಾರೆ, ನನಗೆ ಆಕೆಯ ಮೌನವೇ ಇಷ್ಟ.

ಬೈಂದೂರು_ಬಸ್ಸು:
ಇದು ನಿಜ ಘಟನೆಯಿಂದ ಕದ್ದಿದ್ದಲ್ವಾ? ಜಾನ್ ಸ್ಟೋನ್‌ಹೌಸ್ ಅಂತ ಒಬ್ಬ ಎಂಪಿ, 1974ರಲ್ಲಿ ಮಯಾಮಿ ಬೀಚಿನಲ್ಲಿ ಬಟ್ಟೆ ಬಿಟ್ಟು ಮಾಯವಾಗಿ ಆಸ್ಟ್ರೇಲಿಯಾದಲ್ಲಿ ಸಿಕ್ಕಿಬಿದ್ದ.

ಹಳೇ_ಆಂಟೆನಾ:
ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಸ್ಟೋನ್‌ಹೌಸ್ ಮಾಯವಾಗಿದ್ದು 1974ರ ನವೆಂಬರ್, ಮೆಲ್ಬರ್ನ್‌ನಲ್ಲಿ ಸಿಕ್ಕಿದ್ದು ಅದೇ ಡಿಸೆಂಬರ್. ನಾಬ್ಸ್ ಕಾದಂಬರಿ ಅಚ್ಚಾಗಿದ್ದು 1975ರಲ್ಲಿ, ಆದರೆ ಬರೆದಿದ್ದು ಅದಕ್ಕೂ ಮೊದಲು. ಕಾಕತಾಳೀಯ. ಈಗಲೂ ಅಲ್ಲಿ ಯಾರಾದರೂ ಸತ್ತ ನಾಟಕ ಆಡಿ ಸಿಕ್ಕಿಬಿದ್ದರೆ ಪತ್ರಿಕೆಯವರು ಪೆರಿನ್ ಹೆಸರೇ ಎತ್ತುತ್ತಾರೆ, ಪಾಪ ಎಂಪಿಗೆ ಆ ಭಾಗ್ಯವೂ ಇಲ್ಲ.

ಸೊಸೆ_ಸಂಘ:
ಅತ್ತೆ ಅಂದರೆ ನೀರಾನೆ! ಎಷ್ಟು ಹಳಸಲು ಜೋಕು. ಎಪ್ಪತ್ತರ ದಶಕದ ಗಂಡಸರು ಎಲ್ಲ ದೇಶದಲ್ಲೂ ಒಂದೇ. ನಾನು ಸೊಸೆ, ನನಗೂ ಇದು ರುಚಿಸಲಿಲ್ಲ.

ರೀಡಿಂಗ್_ರಾಯರು:
ಒಪ್ಪಿದೆ, ಅದರಲ್ಲಿ ವಯಸ್ಸಾದ ಜೋಕುಗಳಿವೆ. ಆದರೆ ಅದು ಅತ್ತೆಯ ಮೇಲಿನ ಜೋಕಿಗಿಂತ ಅವನ ತಲೆಯ ಮೇಲಿನ ಜೋಕು. ಮನುಷ್ಯನ ಬುದ್ಧಿ ಹತೋಟಿ ತಪ್ಪುತ್ತಿದೆ ಅನ್ನುವುದಕ್ಕೆ ಮೊದಲ ಗುರುತು ಆ ಪ್ರಾಣಿ. ನಗು ಬಂದ ಮೇಲೆ ಸ್ವಲ್ಪ ಭಯವೂ ಆಗುತ್ತದೆ.

ಸೊಸೆ_ಸಂಘ:
ಮಾವನ ವಿಷಯ ಬಂದಾಗ ಯಾವ ಪ್ರಾಣಿ ಬರುತ್ತೆ?

ರೀಡಿಂಗ್_ರಾಯರು:
...

ಸೊಸೆ_ಸಂಘ:
ಗೊತ್ತಿತ್ತು.

ಗುಂಡಣ್ಣ42:
ಎಲ್ಲ ಸರಿ, ಮೈಂಡ್ ಯುವರ್ ಲ್ಯಾಂಗ್ವೇಜ್ ಕೂಡ ಅದೇ ಕಾಲದ್ದು ತಾನೇ?

ಟಿವಿ_ಹುಳು:
ಮೊದಲ ಕಂತು 1977ರ ಡಿಸೆಂಬರ್ 30. ಅವರು ನವೆಂಬರಿನಲ್ಲೇ ಮೈಸೂರಿಗೆ ಬಂದಾಗಿತ್ತು. ಬಿಡಿ ಗುಂಡಣ್ಣ.

ಸೊಸೆ_ಸಂಘ:
ಅದನ್ನೂ ಈಗ ನೋಡಿದರೆ ಮುಜುಗರ. ಸಿಖ್ ಅಂದರೆ ಹೀಗೆ, ಪಾಕಿಸ್ತಾನಿ ಅಂದರೆ ಹೀಗೆ, ಚೀನಾದವಳು ಅಂದರೆ ಕೈಯಲ್ಲಿ ಮಾವೋನ ಕೆಂಪು ಪುಸ್ತಕ. 1979ರಲ್ಲಿ ಅದನ್ನು ತೋರಿಸುತ್ತಿದ್ದ ಚಾನೆಲ್ಲಿನ ಅಧಿಕಾರಿ ಮೈಕೆಲ್ ಗ್ರೇಡ್ ಅವರೇ ಇದು ಅವಮಾನ ಅಂತ ನಿಲ್ಲಿಸಿದರು.

ಗುಂಡಣ್ಣ42:
ನಿಲ್ಲಿಸಿದ್ದು ಬಿಳಿಯರು, ನಕ್ಕಿದ್ದು ನಾವು. ನಮ್ಮವರು ಹಿಂದಿಯಲ್ಲಿ 'ಜಬಾನ್ ಸಂಭಾಲ್ ಕೇ' ಅಂತ ಮಾಡಿದರಲ್ಲ, 1993ರಲ್ಲಿ ಪಂಕಜ್ ಕಪೂರ್ ಮೇಷ್ಟ್ರಾಗಿ. ಅದರಲ್ಲಿ ತಮಿಳರನ್ನೂ ಪಂಜಾಬಿಗಳನ್ನೂ ಆಡಿಕೊಳ್ಳಲಿಲ್ಲವೇ? ಆಗ ಎಲ್ಲರೂ ಮನೆಮಂದಿ ಕೂತು ನೋಡಿದೆವು.

ಸೊಸೆ_ಸಂಘ:
ನೋಡಿದೆವು ಅಂದ ಮಾತ್ರಕ್ಕೆ ಸರಿ ಅಂತಲ್ಲ ಅಣ್ಣಾ.

ಬೈಂದೂರು_ಬಸ್ಸು:
ಒಂದು ಭಾಷೆಯ ಪ್ರಶ್ನೆ. ಹಿಪೊಪೊಟಮಸ್ ಅಂದರೆ ಗ್ರೀಕಿನಲ್ಲಿ ನದಿಯ ಕುದುರೆ. ಹಾಗಾದರೆ ಕನ್ನಡದಲ್ಲಿ ನೀರ್ಗುದುರೆ ಅನ್ನಬೇಕಲ್ವಾ? ನೀರಾನೆ ಹೇಗಾಯಿತು?

ಧಾರವಾಡ_ಪೇಡೆ:
ಅದರ ಮುಖ ನೋಡಿ ಕುದುರೆ ಅಂದ ಗ್ರೀಕರಿಗೇ ಕನ್ನಡಕ ಬೇಕಿತ್ತು. ನೀರಾನೆಯೇ ಸರಿ.

ಕೊಡಗಿನ_ಕಾಫಿ:
ಅಂದ ಹಾಗೆ ಹುಣಸೂರು ರಸ್ತೆಯವರು 1976ರ ಬೇಸಿಗೆಯಲ್ಲಿ ಹೋದೆವು ಅಂದಿದ್ದಾರೆ. ಅದು ಅಲ್ಲಿನ ಬರಗಾಲದ ವರ್ಷ. ಡೆನಿಸ್ ಹೋವೆಲ್ ಅನ್ನುವವರನ್ನು ಬರಗಾಲದ ಮಂತ್ರಿ ಮಾಡಿದರು, ಕೆಲವೇ ದಿನಕ್ಕೆ ಧೋ ಅಂತ ಮಳೆ! ಅದಕ್ಕಿಂತ ಒಳ್ಳೆ ಕಾಮಿಡಿ ಆ ವರ್ಷ ಟಿವಿಯಲ್ಲಿ ಬಂದಿರಲಾರದು.

ಹುಣಸೂರು_ರಸ್ತೆ:
ಹೌದಂತೆ! ಅಮ್ಮ ಪೆಟ್ಟಿಗೆ ತುಂಬ ಸ್ವೆಟರ್ ಹೆಣೆದು ತಂದಿದ್ದರು, ಇಳಿದರೆ ನಮ್ಮ ಏಪ್ರಿಲ್ ಥರ ಸೆಖೆ.

ಸರಿ, ವರದಿ. ಡಿವಿಡಿ ತರಿಸಿದೆ, ಭಾನುವಾರ ಅಣ್ಣನನ್ನೂ ಕೂರಿಸಿದೆ. ಶೀರ್ಷಿಕೆ ಬಂತು, ಅದೇ ಬೀಚು, ಅದೇ ಬೆನ್ನು. ಅಮ್ಮನಿಗೆ ಈಗ ಎಂಬತ್ತೆರಡು. ಕೈ ಎತ್ತಿ ನನ್ನ ಕಡೆ ತಂದರು, ಆಮೇಲೆ ತಾವೇ ನಕ್ಕು ಕೆಳಗಿಟ್ಟರು. ಪೆರಿನ್ ಆಫೀಸಿನ ಬಾಗಿಲು ತೆಗೆಯುವುದಕ್ಕೂ ಮೊದಲೇ "ಇಲೆವೆನ್ ಮಿನಿಟ್ಸ್" ಅಂದರು. ಮುಂದೆ ನೀರಾನೆ ಬಂತು, ನಾನು ಎದ್ದು ಕುಣಿದೆ.

ಅಣ್ಣ ಏನಂದ ಗೊತ್ತಾ? "ಪಂದ್ಯ ಹಿತ್ತಲಲ್ಲಿ ನೀರಾನೆ ಇತ್ತು ಅಂತ. ಇದು ಹಿತ್ತಲಲ್ಲ, ಕಾಡು." ವಕೀಲನಾಗಿದ್ದರೆ ಹೀಗೇ ಆಗುವುದು. ನೀವೇ ತೀರ್ಪು ಹೇಳಿ.

ಟಿವಿ_ಹುಳು:
ಅಣ್ಣ ಗೆದ್ದ. ಹಿತ್ತಲು ಗುಡ್ ಲೈಫ್‌ದು, ಅಲ್ಲಿ ನೀರಾನೆ ಇಲ್ಲ.

ರೀಡಿಂಗ್_ರಾಯರು:
ಅನ್ಯಾಯ. ಅಣ್ಣ ಹೇಳಿದ್ದು ನೀರಾನೆ "ಇರಲೇ ಇಲ್ಲ" ಅಂತ. ಮೊದಲ ಪೋಸ್ಟಿನಲ್ಲೇ ಬರೆದಿದೆ, ಮೇಲೆ ಹೋಗಿ ಓದಿ. ಝೂನಿಂದ ಬಂದಿದ್ದು ಅಂತಲೂ ಹೇಳಿದ್ದ. ಎರಡೂ ಸುಳ್ಳು. ತಂಗಿ ಗೆದ್ದಳು.

ಧಾರವಾಡ_ಪೇಡೆ:
ಅರ್ಧ ಅರ್ಧ ಕೆಜಿ ಇಬ್ಬರೂ ಕೊಡಿಸಲಿ. ತಿನ್ನೋದು ಅಮ್ಮ.

ಸೊಸೆ_ಸಂಘ:
ಎಂಬತ್ತೆರಡಕ್ಕೆ ಒಂದು ಕೆಜಿ ಮೈಸೂರು ಪಾಕ್? ಶುಗರ್ ನೋಡಿಸಿದ್ದೀರಾ?

ಹುಣಸೂರು_ರಸ್ತೆ:
ಅಣ್ಣ ಅರ್ಧ ಕೆಜಿಗೆ ಒಪ್ಪಿದ. ತಂದೂ ಕೊಟ್ಟ. ಡಾಲ್ಡಾದ್ದು.

ಗುಂಡಣ್ಣ42:
ಡಾಲ್ಡಾದ್ದು ಲೆಕ್ಕಕ್ಕಿಲ್ಲ. ಪಂದ್ಯ ಇನ್ನೂ ಬಾಕಿ.